ಐದು ಮಣದ ಕಮಾನು

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದು ಎನ್ನುತ್ತಾರೆ. ನನ್ನ ವಯಸ್ಸು ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ನನ್ನ ತೂಕ ಮಾತ್ರ ಅಕ್ಕಿಆಲೂರಿನ ಇಡೀ ಪೇಟೆಗೆ ಗೊತ್ತಿತ್ತು. ಐದು ಮಣ. ಆ ಐದು ಮಣದ ದೆಸೆಯಿಂದ ೧೯೪೬ರಲ್ಲಿ ನನ್ನ ಬೆನ್ನು ಮುರಿಯುವುದೊಂದು ಬಾಕಿ ಇತ್ತು. ಈಗ ನೆನೆಸಿಕೊಂಡು ನಗುತ್ತೇನೆ. ಆಗ ನಗು ಬಂದಿರಲಿಲ್ಲ.

ನಾನು ಭಾಗೀರಥಿಬಾಯಿ, ಹಾನಗಲ್ಲಿನ ದವಾಖಾನೆಯ ಸೂಲಗಿತ್ತಿ. ಹನ್ನೊಂದನೆಯ ವರ್ಷಕ್ಕೆ ವಿಧವೆಯಾದ ನನ್ನನ್ನು ಅಣ್ಣ ಜಯತೀರ್ಥ, ಬಳಗದವರ ಬಾಯಿಗೆ ಹೆದರದೆ, ಪುಣೆಗೆ ಕಳಿಸಿ ಹೆರಿಗೆಯ ಕೆಲಸ ಕಲಿಸಿದ. ಕಲಿತು ಬಂದ ಮೇಲೆ ಇಪ್ಪತ್ತು ವರ್ಷ ಎತ್ತಿನ ಚಕ್ಕಡಿಯಲ್ಲಿ ಫಿರತಿ ಮಾಡಿದೆ. ಫಿರತಿ ಎಂದರೆ ಊರೂರು ತಿರುಗುವುದು. ಇವತ್ತು ಶಿಗ್ಗಾಂವದ ಕಡೆ, ನಾಳೆ ಹಿರೇಕೆರೂರಿನ ಕಡೆ. ಕೂಸು ಹುಟ್ಟುವುದಕ್ಕೆ ತಿಥಿ ವಾರ ಇಲ್ಲವಲ್ಲ.

ಅಕ್ಕಿಆಲೂರಿನ ಅಜ್ಜಪ್ಪನವರು ಅಕ್ಕಿ ಗಿರಣಿಯ ಸಾವುಕಾರರು. ಅವರ ಸೊಸೆಯ ಹೆರಿಗೆ ಬಹಳ ಕಷ್ಟವಾಗಿ, ಕೊನೆಗೆ ತಾಯಿ ಮಗು ಇಬ್ಬರೂ ನನ್ನ ಕೈಯಲ್ಲಿ ಉಳಿದರು. ಆ ಸಂತೋಷಕ್ಕೆ ಸಾವುಕಾರರು ತಮ್ಮ ಅಡತಿ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ನನ್ನನ್ನು ಕೂರಿಸಿ ಬೆಲ್ಲದ ತುಲಾಭಾರ ಮಾಡಿಸಿ, ಆ ಬೆಲ್ಲವನ್ನು ಪೇಟೆಯ ಮಕ್ಕಳಿಗೆಲ್ಲ ಹಂಚಿಬಿಟ್ಟರು. ಸ್ವಂತ ಬಳಗದವರು ಮದುವೆಮನೆಯ ಹಿತ್ತಿಲಲ್ಲಿ ಕೂರಿಸುತ್ತಿದ್ದ ನನ್ನನ್ನು ಇವರು ಹೂವು ಕಟ್ಟಿದ ತಕ್ಕಡಿಯಲ್ಲಿ ಕೂರಿಸಿದ್ದರು. ನಾಚಿಕೆಯಿಂದ ಸತ್ತೆ, ಒಳಗೊಳಗೆ ಹಿಗ್ಗಿದೆ. ತೂಗುವವನು ಮಾತ್ರ ಗಂಟಲು ಹರಿಯುವಂತೆ "ಬಾಯಾರು ಐದು ಮಣ!" ಎಂದು ಕೂಗಿದ. ಅಷ್ಟು ಗಟ್ಟಿಯಾಗಿ ಕೂಗುವ ಅಗತ್ಯವಿರಲಿಲ್ಲ.

ಸೊಸೆಗೆ ಬಂದ ಪುಣ್ಯ ಮಗಳಿಗೆ ಬರಲಿಲ್ಲ. ಸಾವುಕಾರರ ಮಗಳು ಫಕ್ಕೀರವ್ವನನ್ನು ಅಬಲೂರಿಗೆ ಕೊಟ್ಟಿದ್ದರು. ಎರಡು ಸಲ ಬಸಿರಾದಳು, ಎರಡೂ ಸಲ ಕೂಸು ಕಾಲು ಮುಂದಾಗಿ ಬಂತು. ಮೊದಲನೆಯದು ತವರಿನಲ್ಲಿ; ನಾನಾಗ ಶಿಗ್ಗಾಂವದ ಆಚೆ ಫಿರತಿಯ ಮೇಲಿದ್ದೆ. ಎರಡನೆಯದು ಅಬಲೂರಿನಲ್ಲಿ; ಹಾನಗಲ್ಲಿನಿಂದ ಇಪ್ಪತ್ತೈದು ಮೈಲಿಗೆ ಕಡಿಮೆಯಿಲ್ಲ, ನನ್ನ ಚಕ್ಕಡಿ ಮುಟ್ಟುವ ಹೊತ್ತಿಗೆ ಮನೆ ಸುಮ್ಮನಾಗಿತ್ತು. ಹೆರಿಗೆಮನೆ ಸುಮ್ಮನಿರಬಾರದು. ಅಂಥ ಹೊಸ್ತಿಲು ದಾಟಿದವರಿಗೆ ಗೊತ್ತು.

ಮೂರನೆಯ ಸಲ ಬಸಿರಾದಾಗ ಅಜ್ಜಪ್ಪನವರು ಸುಮ್ಮನೆ ಕೂರಲಿಲ್ಲ. ಯುದ್ಧ ಮುಗಿದು ಮಿಲಿಟರಿಯವರು ಹಳೆಯ ಸಾಮಾನು ಹರಾಜು ಹಾಕುತ್ತಿದ್ದ ಕಾಲ ಅದು. ಪುಣೆಯವರೆಗೆ ಹೋಗಿ ಒಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಹಿಡಿದುಕೊಂಡು ಬಂದರು. ಅದನ್ನು ಓಡಿಸಲು ಹಯಾತನನ್ನು ಇಟ್ಟರು. ಹಯಾತ ಯುದ್ಧದಲ್ಲಿ ಇಂಥದೇ ಗಾಡಿಯ ಮೇಲೆ ಟಪಾಲು ಮುಟ್ಟಿಸುತ್ತಿದ್ದವನು, ಮೂವತ್ತರ ಆಸುಪಾಸಿನ ಮಿತಭಾಷಿ. ಗಾಡಿಯ ಬಗ್ಗೆ ಮಾತ್ರ ಅವನದು ದೊಡ್ಡ ಬಾಯಿ.

"ಮಿಲಿಟರಿ ಗಾಡಿ ಐತ್ರಿ ಬಾಯಾರ. ಏನೂ ಆಗಂಗಿಲ್ಲ," ಎಂದ.

ಸೀಗಿ ಹುಣ್ಣಿಮೆಯ ಮರುದಿನ, ಫಕ್ಕೀರವ್ವನನ್ನು ನೋಡಿ ಬರಲೆಂದು ಕಚ್ಚೆ ಬಿಗಿದುಕೊಂಡು, ಔಷಧದ ಚೀಲ ಎದೆಗವಚಿಕೊಂಡು ಹಿಂದಿನ ಸೀಟಿನ ಮೇಲೆ ಕುದುರೆ ಹತ್ತಿದಂತೆ ಹತ್ತಿದೆ. ಬಾಯಿಗೆ ಸೆರಗು ಹಚ್ಚಿಕೊಂಡು ನೋಡಿದವರೆಲ್ಲ ಮುಂದೆ ತಮ್ಮ ಸೊಸೆಯಂದಿರ ಹೆರಿಗೆಗೆ ನನ್ನನ್ನೇ ಕರೆದರು, ಅದು ಬೇರೆ ಮಾತು. ಮಳೆಗಾಲದಲ್ಲಿ ಚಕ್ಕಡಿಗಳು ಕೊರೆದ ಕೊರಕಲು ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅಬಲೂರು ಮುಟ್ಟಲು ಎರಡೇ ತಾಸು ಹಿಡಿಯಿತು. ಹಯಾತ ಹೇಳಿದ್ದು ನಿಜ, ಗಾಡಿಗೆ ಏನೂ ಆಗಲಿಲ್ಲ. ನಾನು ಇಳಿಯಲಿಕ್ಕೆ ಹೋದೆ, ಸೊಂಟ ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಹಿಡಿದು ಇಳಿಸಿದರು.

ಹೇಗೋ ಗೋಡೆ ಹಿಡಿದು ಒಳಗೆ ಹೋಗಿ ಫಕ್ಕೀರವ್ವನ ಹೊಟ್ಟೆ ಮುಟ್ಟಿ ನೋಡಿದೆ. ತಲೆ ಮೇಲೇ ಇತ್ತು. ಈ ಸಲವೂ ಕಾಲು ಮುಂದೆ. ದಿನ ತುಂಬುವುದು ದೀಪಾವಳಿ ಅಮಾವಾಸ್ಯೆಯ ಹಿಂದುಮುಂದು, ಅಂದರೆ ಎರಡು ವಾರ. ಹಾನಗಲ್ಲಿಗೆ ಕಳಿಸಿರಿ, ದವಾಖಾನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೆ. ಅತ್ತೆ ಶಿವಬಸವ್ವ ತಲೆಯಲ್ಲಾಡಿಸಿದಳು.

"ದಿನಾ ತುಂಬಿದಾಕಿ ಹಳ್ಳಾ ದಾಟಬಾರ್ದ್ರಿ ಬಾಯಾರ. ನಮ್ಮ ಮನ್ಯಾಗ ಯಾರೂ ದಾಟಿಲ್ಲ."

ಹಳ್ಳದಲ್ಲಿ ಆಗ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ. ಆದರೆ ಎರಡು ಕೂಸು ಮಣ್ಣು ಮಾಡಿದ ಮನೆಯವರ ಜತೆ ನಾನು ವಾದ ಮಾಡುವುದಿಲ್ಲ. ಬಂದು ಇಲ್ಲೇ ಇರೋಣವೆಂದರೆ ದವಾಖಾನೆಯಲ್ಲಿ ದಿನ ತುಂಬಿದವರು ಇನ್ನೂ ಐದಾರು ಮಂದಿ, ಅವರಿಗೂ ನಾನೊಬ್ಬಳೇ. ಹೊರಡುವಾಗ ಫಕ್ಕೀರವ್ವ ನನ್ನ ಸೆರಗು ಹಿಡಿದಳು.

"ಈ ಸಲ ನೀವು ಬರ್ತೀರಿಲ್ಲೋ ಬಾಯಾರ?"

"ಬರ್ತೀನವ್ವಾ."

"ಬರ್ತೇನಿ ಅಂತ ಎಲ್ಲಾರೂ ಅಂತಾರ್ರಿ. ಪಕ್ಕಾ ಏನ್ರಿ?"

"ಪಕ್ಕಾ," ಎಂದೆ.

ಎಂದುಬಿಟ್ಟೆನಲ್ಲ, ಮನೆಗೆ ಬಂದು ನಾಲ್ಕು ದಿನ ಚಾಪೆ ಬಿಟ್ಟು ಏಳಲಿಲ್ಲ. ಮಗ್ಗಲು ಬದಲಿಸಬೇಕಾದರೂ ಶ್ರೀಹರಿ ಎನ್ನಬೇಕು. ಕಾಲು ಮುಂದಾದ ಹೆರಿಗೆ ಎಂದರೆ ಎರಡು ಮೂರು ತಾಸು ಮೊಣಕಾಲೂರಿ ಬಗ್ಗಿ ಕೂರುವ ಕೆಲಸ. ಹೊತ್ತಿಗೆ ಸರಿಯಾಗಿ ಹೋಗಿ, ಬಗ್ಗಲಾರದೆ ನಿಂತರೆ ಏನು ಬಂತು? ಚಕ್ಕಡಿ ಹತ್ತಿದರೆ ಹೊತ್ತು ಮೀರುತ್ತದೆ. ಫಟಫಟಿ ಹತ್ತಿದರೆ ಬೆನ್ನು ಹೋಗುತ್ತದೆ. ಇಷ್ಟೇ ಲೆಕ್ಕ.

ಹಯಾತ ಬಾಗಿಲ ಹೊರಗೆ ನಿಂತು ತಪ್ಪಿತಸ್ಥನಂತೆ ವಿವರಿಸಿದ. "ಮುಂದಿನ ಗಾಲಿಗೆ ಸ್ಪ್ರಿಂಗ್ ಐತ್ರಿ. ನಾ ಕುಂಡ್ರೂ ಸೀಟಿಗೂ ಐತ್ರಿ. ಹಿಂದಿನ ಗಾಲಿ ಮಾತ್ರ ಚೌಕಟ್ಟಿಗೆ ಬಿಗದ ಬಿಟ್ಟಾರ. ಮಿಲಿಟರ್ಯಾಗ ಹಿಂದ ಕುಂಡ್ರೂದು ಟಪಾಲು ಚೀಲ ನೋಡ್ರಿ."

"ನಾ ಟಪಾಲು ಚೀಲ ಅಲ್ಲೋ ಮಾರಾಯಾ!" ಎಂದು ಚಾಪೆಯ ಮೇಲಿಂದಲೇ ಕೂಗಿದೆ.

"ಅಲ್ರಿ. ಅದಕ್ಕ ಸವಣೂರಿಗೆ ಹೋಗಿ ಬರ್ತೇನಿ. ಅಲ್ಲಿ ಫಕ್ರುಸಾಬರು ಅಂತ ಅದಾರ, ಟಾಂಗಾಕ್ಕ ಕಮಾನು ಹಾಕೋದ್ರಾಗ ಅವರ ಕೈ ಹಿಡಿಯೋರು ಇಲ್ಲ. ಹಿಂದಿನ ಸೀಟಿನ ಬುಡಕ್ಕ ಒಂದ ಕಮಾನು ಕುಂಡ್ರಿಸಿಕೊಂಡು ಬರ್ತೇನಿ." ಆಮೇಲೆ ನೆಲ ನೋಡುತ್ತ ನಿಂತ. "ಆದ್ರ ಅವರು ಕೇಳ್ತಾರ್ರಿ... ಕುಂಡ್ರೋರ ವಜನು ಎಷ್ಟು ಅಂತ."

"ಐದು ಮಣ ಅಂತ ಹೇಳು. ಊರಿಗೇ ಗೊತ್ತದ, ಅವರೊಬ್ಬರಿಗೆ ಮುಚ್ಚಿಟ್ಟು ಏನ ಮಾಡ್ಲಿ?"

ಮರುದಿನ ಮಧ್ಯಾಹ್ನ ಗಾಡಿ ಮರಳಿ ಬಂತು. ಸೀಟಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕಮಾನು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಗ್ಗಿಸಿದ್ದರು, ಟಾಂಗಾದ ಕೆಳಗೆ ಇರುತ್ತದಲ್ಲ, ಹಾಗೆ. ಒಂದೊಂದರಲ್ಲಿ ಏಳೇಳು ಪಟ್ಟಿ.

"ಸಾಬರು ಮೊದಲ ಎರಡ ಪಟ್ಟಿ ತಗೊಂಡಿದ್ರು," ಎಂದ ಹಯಾತ. "ನಾ ವಜನು ಹೇಳಿದೆ. ಮತ್ತೊಮ್ಮೆ ಕೇಳಿದ್ರು, ಮತ್ತ ಹೇಳಿದೆ. ಆಮ್ಯಾಲ ಸುಮ್ಮನ ಏಳಕ್ಕ ಏರಿಸಿದ್ರು."

ಕೆಲಸಗಾರ ಎಂದರೆ ಹೀಗಿರಬೇಕು, ಧಾರಾಳ ಮನುಷ್ಯ ಎಂದುಕೊಂಡೆ. ಎರಡು ದಿನ ಬಿಟ್ಟು, ಬೆನ್ನು ಸ್ವಲ್ಪ ತಿಳಿಯಾದ ಮೇಲೆ ಪರೀಕ್ಷೆಗೆಂದು ಐದು ಮೈಲಿ ದೂರದ ಒಂದು ಹಳ್ಳಿಗೆ ಹೊರಟೆವು. ಮೊದಲ ಕೊರಕಲಿಗೇ ನಾನು ಸೀಟು ಬಿಟ್ಟು ಮೇಲೆ ಹೋದೆ. ಮೊದಲು ಪೆಟ್ಟು ನೆಟ್ಟಗೆ ಬಂದು ಬಡಿಯುತ್ತಿತ್ತು. ಈಗ ಆ ಕಬ್ಬಿಣ ಪೆಟ್ಟನ್ನು ಕೂಡಿಟ್ಟುಕೊಂಡು, ಬಡ್ಡಿ ಸಮೇತ ನನಗೆ ತಿರುಗಿಸಿ ಕೊಡುತ್ತಿತ್ತು. ಅರಳು ಹುರಿದಂತೆ ಹಾರಿದೆ. ಎರಡನೆಯ ಮೈಲಿಕಲ್ಲಿನ ಹತ್ತಿರ ಹಯಾತನ ಬೆನ್ನಿಗೆ ಗುದ್ದಿ ಗಾಡಿ ನಿಲ್ಲಿಸಿದೆ. ಅಲ್ಲಿಂದ ಮನೆಯವರೆಗೆ ನಡೆದುಕೊಂಡು ಬಂದೆ. ಅವನು ಹಿಂದೆ ಗಾಡಿ ತಳ್ಳಿಕೊಂಡು ಬಂದ.

ಅವತ್ತು ನನಗೆ ನಿಜವಾಗಿ ಭಯವಾಯಿತು. ಕಮಾನು ಹಾಕಿಸಿಯೂ ಹೀಗಾದರೆ ಕೆಟ್ಟಿದ್ದು ಗಾಡಿಯಲ್ಲ, ನನ್ನ ಬೆನ್ನೇ. ಇಪ್ಪತ್ತು ವರ್ಷದ ಚಕ್ಕಡಿ ಅದನ್ನು ತಿಂದು ಮುಗಿಸಿದೆ. ಇನ್ನು ಫಿರತಿ ಸಾಕು, ಹಾನಗಲ್ಲು ಬಿಟ್ಟು ಕದಲಬಾರದು. ಹೀಗೆಂದು ಅಜ್ಜಪ್ಪನವರಿಗೆ ಕಾಗದ ಬರೆಯಲು ಕೂತೆ. "ಬೇರೆ ಯಾರನ್ನಾದರೂ ನೋಡಿಕೊಳ್ಳಿರಿ" ಎಂಬಲ್ಲಿಗೆ ಬಂದು ಲೇಖನಿ ನಿಂತಿತು. ಬೇರೆ ಯಾರಿದ್ದಾರೆ? ನಾಲ್ಕು ತಾಲೂಕು ಜಾಲಾಡಿದರೂ ಕಾಲು ಮುಂದಾದ ಕೂಸನ್ನು ಜೋಪಾನವಾಗಿ ತೆಗೆಯಲು ಕಲಿತವಳು ಇನ್ನೊಬ್ಬಳಿರಲಿಲ್ಲ. ಪಕ್ಕಾ ಎಂದು ಬಂದ ಬಾಯಿ ನನ್ನದೇ. ಕಾಗದ ಹರಿದು ಒಲೆಗೆ ಹಾಕಿದೆ. ಹರಿಯುವಾಗ ಸಿಟ್ಟು ಬಂತು, ಸಿಟ್ಟು ಬಂದರೆ ನನಗೆ ಅರ್ಧ ಕಾಯಿಲೆ ವಾಸಿ. ಆ ಫಕ್ರುಸಾಬರ ಮುಖವನ್ನೊಮ್ಮೆ ನೋಡಲೇಬೇಕು ಎನಿಸಿತು.

ಹಯಾತನನ್ನು ಗಾಡಿಯ ಸಮೇತ ಮುಂದೆ ಕಳಿಸಿ, ಬಾಯಿಯವರು ಖುದ್ದು ಬರುತ್ತಾರೆ ಎಂದು ಹೇಳು ಎಂದೆ. ನಾನು ಬಸ್ಸು ಹಿಡಿದು, ಶಿಗ್ಗಾಂವದಲ್ಲಿ ಬದಲಿಸಿ, ಸವಣೂರಿನಲ್ಲಿ ಇಳಿದೆ. ಫಕ್ರುಸಾಬರ ಕೆಲಸದ ಅಂಗಳ ಒಂದು ಹುಣಸೆಮರದ ಕೆಳಗಿತ್ತು. ಬಿಳಿ ಗಡ್ಡ, ಸುಟ್ಟ ಮುಂಗೈ, ಬಹಳ ಮರ್ಯಾದಸ್ಥ ಮನುಷ್ಯ. ಮರದ ಕೆಳಗೆ ಒಂದು ದಪ್ಪ ತೇಗದ ಮಂಚ ಹಾಕಿ, ಅದರ ಕಾಲುಗಳ ಮಗ್ಗುಲಿಗೆ ಕಲ್ಲು ಕೊಟ್ಟು ಭದ್ರ ಮಾಡಿಸಿದ್ದರು. ಕುರ್ಚಿಗಳು ಗೋಡೆಗೆ ಆತು ಖಾಲಿ ನಿಂತಿದ್ದವು.

ನಾನು ಹೋಗಿ ನಮಸ್ಕಾರ ಮಾಡಿದೆ. ಅವರೂ ಮಾಡಿ, ನನ್ನ ಹೆಗಲ ಮೇಲಿಂದ ರಸ್ತೆಯ ಕಡೆ ನೋಡಿದರು.

"ಬರ್ರಿ ತಾಯಿ, ಕುಂಡ್ರ್ರಿ. ಬಾಯಾರು ಹಿಂದ ಬರಾಕತ್ತಾರೇನ್ರಿ?"

"ನಾನ ಬಾಯಿ," ಎಂದೆ.

ಅವರಿಗೆ ತಿಳಿಯಲಿಲ್ಲ. ಬಾಗಿಲ ಪರದೆಯ ಹಿಂದೆ ಅವರ ಹೆಂಡತಿ ಲಾಲಬಿ ನಿಂತಿದ್ದಳು. ಗಂಡಸರು ಮರ್ಯಾದೆಗೆ ಬಿದ್ದು ಕೇಳದ್ದನ್ನು ಹೆಂಗಸರು ಒಂದೇ ಉಸಿರಿಗೆ ಕೇಳಿಬಿಡುತ್ತಾರೆ. ಪರದೆ ಸರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರ ಏನ್ರಿ ಐದು ಮಣದ ಬಾಯಾರು? ಹೋದ ವಾರದಿಂದ ನಮ್ಮ ಓಣಿ ಮಂದಿಯೆಲ್ಲಾ ಇವರನ್ನ ನೋಡಾಕ ಕಾಯಾಕತ್ತೈತಿ!"

"ಹೌದು, ಐದು ಮಣ. ಬೆಲ್ಲದಾಗ ತೂಗ್ಯಾರ ನನ್ನ, ಸುಳ್ಳಲ್ಲ," ಎಂದು ನಾನು ಸಿಡುಕಿದೆ.

ಫಕ್ರುಸಾಬರ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. "ಬೆಲ್ಲದಾಗ! ಯಾ ಅಲ್ಲಾ, ಬೆಲ್ಲದ ಮಣ! ಕಚ್ಚಾ ಮಣ!"

ಆಗ ತಿಳಿಯಿತು. ಬೆಲ್ಲ, ಮೆಣಸಿನಕಾಯಿ ತೂಗುವ ನಮ್ಮ ಪೇಟೆಯ ಮಣ ಕಚ್ಚಾ ಮಣ, ಇಪ್ಪತ್ತೆಂಟು ರತ್ತಲು; ರತ್ತಲು ಎಂದರೆ ಒಂದು ಪೌಂಡು. ಕಬ್ಬಿಣದವರಿಗೆ ಮಣ ಎಂದರೆ ಪಕ್ಕಾ ಮಣ, ಎಂಬತ್ತೆರಡು ರತ್ತಲು. ನಾನು ನೂರಾನಲವತ್ತು ರತ್ತಲಿನ ಹೆಂಗಸು. ಫಕ್ರುಸಾಬರು ಕಮಾನು ಮಾಡಿದ್ದು ನಾನೂರು ಹತ್ತು ರತ್ತಲಿನವಳಿಗೆ. ಆ ಕಮಾನಿಗೆ ನಾನು ಕೂತದ್ದೇ ಗೊತ್ತಾಗಿರಲಿಲ್ಲ.

"ಅಲ್ರೀ ಸಾಬರ, ಮನುಷ್ಯಾರು ಅಷ್ಟು ತೂಗ್ತಾರೇನು? ಮತ್ತೊಮ್ಮೆ ಕೇಳಬೇಕೋ ಬ್ಯಾಡೋ?"

"ಹೆಂಗ ಕೇಳ್ಲಿ ಬಾಯಾರ?" ಅವರ ಮುಖ ನಿಜವಾಗಿ ಸಣ್ಣದಾಗಿತ್ತು. "ಪರರ ಮನಿ ಹೆಣ್ಮಗಳ ವಜನು ಎರಡ ಸಲ ಕೇಳಿದ್ದ ಹೆಚ್ಚು. ಮೂರನೇ ಸಲ ಕೇಳಿದ್ರ ಮರ್ಯಾದಿ ಉಳೀತೈತೇನ್ರಿ? ದೇವರು ಒಬ್ಬೊಬ್ಬರನ್ನ ಒಂದೊಂದು ನಮೂನಿ ಮಾಡಿರ್ತಾನ ಅಂತ ಸುಮ್ಮನಾದೆ."

ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ಬಲ್ಲೆ. ಇಲ್ಲಿ ಮಾತು ಬೆನ್ನು ಕೆಡಿಸಿತ್ತು. ನಾನು ಆ ತೇಗದ ಮಂಚದ ಮೇಲೆ ಕೂತು ನಕ್ಕೆ. ಲಾಲಬಿ ನಕ್ಕಳು, ಹಯಾತ ಬೆನ್ನು ತಿರುಗಿಸಿ ಗಾಲಿ ನೋಡುವವನಂತೆ ನಕ್ಕ. ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು, ಅದು ಬರೀ ನಗೆಯದಲ್ಲ. ನನ್ನ ಬೆನ್ನು ಹೋಗಿರಲಿಲ್ಲ. ನಾನು ಇನ್ನೂ ಕೆಲಸಕ್ಕೆ ಬರುವವಳು. ಹಿಂದಿನ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಹೋಯಿತು, ಅದು ಕಚ್ಚಾ ಮಣದ್ದಾಗಿರಲಿಲ್ಲ.

ಆಮೇಲೆ ಕೆಲಸ ಶುರುವಾಯಿತು. ಮೂಲೆಯಲ್ಲಿ ಯಾರದೋ ಸೋಫಾದಿಂದ ಬಿಚ್ಚಿದ ಸುರುಳಿ ಸ್ಪ್ರಿಂಗುಗಳು ಬಿದ್ದಿದ್ದವು. ಅಂಗೈಯಲ್ಲಿ ಒತ್ತಿ ನೋಡಿದೆ, ಬೆಣ್ಣೆಯಷ್ಟು ಮೆತ್ತಗೆ. ಇದನ್ನೇ ಹಾಕಿರಿ ಎಂದೆ. ಫಕ್ರುಸಾಬರು ಬೇಡವೆಂದರು. ನಾನು ಹಟ ಹಿಡಿದೆ. ಅವರು ವಾದಿಸಲಿಲ್ಲ. ನೆಲದ ಮೇಲೆ ಸುರುಳಿ ಇಟ್ಟು, ಮೇಲೆ ಒಂದು ಹಲಗೆಯಿಟ್ಟು, ಒಮ್ಮೆ ಒತ್ತಿ ಬಿಟ್ಟರು.

"ಎಣಸ್ರಿ," ಎಂದರು.

ಒಂಬತ್ತು ಸಲ ಕುಣಿದ ಮೇಲೆ ಅದು ನಿಂತಿತು. ಪಟ್ಟಿಯ ಕಮಾನನ್ನು ಹಾಗೇ ಒತ್ತಿದರು. ಎರಡು ಸಲ ಕುಣಿದು ತಣ್ಣಗಾಯಿತು.

"ಸುರುಳಿ ಪೆಟ್ಟು ನುಂಗತೈತ್ರಿ, ಆದ್ರ ಮರೆಯಂಗಿಲ್ಲ. ಪಟ್ಟಿ ಒಂದಕ್ಕೊಂದು ತಿಕ್ಕತಾವ, ಅದಕ್ಕ ಲಗೂನ ಮರೀತಾವ. ಮನುಷ್ಯಾರಿಗೂ ಮರೆಯೋ ಕಮಾನ ಛಲೋ."

ನನ್ನಂಥ ಸಿಟ್ಟಿನವಳಿಗೆ ಆ ಮಾತು ನಾಟಿತು, ಆದರೆ ತೋರಿಸಿಕೊಳ್ಳಲಿಲ್ಲ. ಏಳರಲ್ಲಿ ನಾಲ್ಕು ಪಟ್ಟಿ ಬಿಚ್ಚಿ ಮೂರು ಉಳಿಸಿದರು. ಇನ್ನು ನಾನು ಕೂತಾಗ ಸೀಟು ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು. ನಾನು ಸೀಟಿನ ಮೇಲೆ ಕೂರುವುದು, ಅವರು ಬಗ್ಗಿ ಬೆರಳಿಟ್ಟು ಅಳೆಯುವುದು, ಇಬ್ಬರಿಗೂ ಸಂಕೋಚ. ಅದಕ್ಕೂ ಲಾಲಬಿಯೇ ದಾರಿ ಹೇಳಿದಳು. ಎದುರಿನ ಕಿರಾಣಿ ಅಂಗಡಿಯಿಂದ ಐದು ಮಣ ಬೆಲ್ಲ ತರಿಸಿ, ಕಚ್ಚಾ ಮಣ ಎಂದು ಮೂರು ಸಲ ಹೇಳಿ ತೂಗಿಸಿ, ಗೋಣಿಚೀಲದಲ್ಲಿ ತುಂಬಿ ನನ್ನ ಬದಲು ಸೀಟಿನ ಮೇಲೆ ಕಟ್ಟಿದರು. ಓಣಿಯ ಜನ ಬಂದು ಬೆಲ್ಲದ ಭಾಗೀರಥಿಬಾಯಿಯನ್ನು ನೋಡಿಕೊಂಡು ಹೋದರು. ನಾನು ಮಂಚದ ಮೇಲೆ ಕೂತು ಲಾಲಬಿ ಕೊಟ್ಟ ಬಾಳೆಹಣ್ಣು ತಿಂದೆ.

"ಎರಡ ಬೆರಳು ಇಳೀಬೇಕು," ಎಂದರು ಫಕ್ರುಸಾಬರು. "ಇಳೀಲಿಲ್ಲ ಅಂದ್ರ ಒಗೀತೈತಿ. ಹೆಚ್ಚು ಇಳೀತು ಅಂದ್ರ ತಳಾ ಬಡೀತೈತಿ."

ಮೂರು ಪಟ್ಟಿಗೆ ಒಂದೇ ಬೆರಳು ಇಳಿಯಿತು. ಎರಡಕ್ಕೆ ಇಳಿಸಿದರೆ ಬೆಲ್ಲದ ಚೀಲ ಕುಸಿದು ಕೆಳಗಿನ ಕಬ್ಬಿಣಕ್ಕೆ ಕುಟ್ಟಿತು. ಕೊನೆಗೆ ಎರಡು ಹೊಸ ಪಟ್ಟಿ, ಮೂರನೆಯದು ಹಳೆಯ ಟಾಂಗಾದ್ದು, ಸವೆದು ತೆಳ್ಳಗಾದದ್ದು. ಎರಡು ಬೆರಳಿಗೆ ಸರಿಯಾಗಿ ನಿಂತಿತು. ಅದರ ಮೇಲೆ ಒಂದು ಉಪಾಯ ಮಾಡಿದರು. ಸೀಟಿನಿಂದ ಒಂದು ಕಬ್ಬಿಣದ ತೋಳು, ಚೌಕಟ್ಟಿನಿಂದ ಇನ್ನೊಂದು, ಎರಡೂ ಕೂಡುವಲ್ಲಿ ನಡುವೆ ಚರ್ಮದ ಬಿಲ್ಲೆಗಳು, ಮೇಲೆ ಕೈಯಲ್ಲೇ ತಿರುವಬಹುದಾದ ಕಿವಿಯ ನಟ್ಟು. 

"ರಸ್ತಾ ಕೆಟ್ಟಲ್ಲಿ ಕಾಲು ಸುತ್ತು ಬಿಗೀರಿ, ಕುಣಿತ ಕಡಿಮಿ ಆಗತೈತಿ. ಛಲೋ ರಸ್ತಾದಾಗ ಸಡ್ಲ ಬಿಡ್ರಿ."

ಕೊನೆಯ ಪರೀಕ್ಷೆಗೆ ಬೆಲ್ಲದ ಚೀಲದ ಮೇಲೆ ಕಂಠಮಟ್ಟ ನೀರು ತುಂಬಿದ ತಂಬಿಗೆ ಕಟ್ಟಿದರು. ಹಯಾತ ಊರ ಹೊರಗಿನ ಚಕ್ಕಡಿದಾರಿಯಲ್ಲಿ ಒಂದು ಮೈಲಿ ಹೋಗಿ ಬಂದ. ಮೊದಲ ಸಲ ತಂಬಿಗೆಯಲ್ಲಿ ಅರ್ಧ ಉಳಿದಿತ್ತು. ಕಾಲು ಸುತ್ತು ಬಿಗಿದರು, ಮುಕ್ಕಾಲು ಉಳಿಯಿತು. ಇನ್ನೂ ಕಾಲು ಸುತ್ತು ಬಿಗಿದರೆ ಮತ್ತೆ ಅರ್ಧಕ್ಕೆ ಇಳಿಯಿತು. ಹಿಂದಕ್ಕೆ ತಿರುವಿ, ನಟ್ಟಿನ ಕಿವಿ ನಿಂತ ಜಾಗಕ್ಕೆ ಉಳಿಯಿಂದ ಒಂದು ಗೆರೆ ಕೊರೆದರು. ಮರಳಿ ಬರುವಾಗ ನಾನು ಬಸ್ಸು ಹತ್ತಲಿಲ್ಲ. ಗೆರೆಗೆ ಸರಿಯಾಗಿ ಬಿಗಿದು, ಬೆಲ್ಲ ಇಳಿಸಿ ನಾನು ಹತ್ತಿದೆ. ಊರು ಮುಟ್ಟಿ ಇಳಿದಾಗ ಸೊಂಟ ನನ್ನ ಜತೆಗೇ ಬಂತು.

ಮೂರನೆಯ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಫಕ್ಕೀರವ್ವನ ಗಂಡ ನಾಗಪ್ಪ ಸೈಕಲ್ಲನ್ನು ದವಾಖಾನೆಯ ಮೆಟ್ಟಿಲಿಗೆ ಒಗೆದು ನಿಂತಿದ್ದ. ನಸುಕಿನಲ್ಲೇ ಹೆರಿಗೆಯ ಬ್ಯಾನಿ ಶುರುವಾಗಿತ್ತು. ಹಯಾತ ಒಂದೇ ಒದೆಗೆ ಗಾಡಿ ಎಬ್ಬಿಸಿದ. ನಾಗಪ್ಪ ಬರುವ ದಾರಿಯಲ್ಲೇ ಸುದ್ದಿ ಹೇಳಿದ್ದರಿಂದ ಅಕ್ಕಿಆಲೂರಿನಲ್ಲಿ ಅಜ್ಜಪ್ಪನವರು ರಸ್ತೆಗೆ ಅಡ್ಡ ನಿಂತಿದ್ದರು. ಕೈಯಲ್ಲಿ ಬಾಣಂತಿಗೆ ಬೇಕಾಗುವ ಕೊಬ್ಬರಿ, ಉತ್ತತ್ತಿ, ತುಪ್ಪದ ಗಂಟು.

"ಬಾಯಾರ, ಇದನ್ನಷ್ಟು ಹಿಂದ ಕಟ್ಟಿಕೊಂಡು..."

"ಸಾವ್ಕಾರ್ರ, ಎರಡು ಬೆರಳು ಮೂರಾಗ್ತದ. ಅದನ್ನ ಚಕ್ಕಡ್ಯಾಗ ತರ್ರಿ," ಎಂದೆ. ಅವರಿಗೆ ಏನು ತಿಳಿಯಿತೋ, ಪಕ್ಕಕ್ಕೆ ಸರಿದರು. ಹಿಂದಿರುಗಿ ನೋಡಿದಾಗ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದರು.

ಮುಂದಿನದು ಕೆಟ್ಟ ದಾರಿ. ಇಳಿದು ಗೆರೆ ನೋಡಿದೆವು, ಸರಿಯಾಗಿತ್ತು. ಕೊರಕಲು ಬಂದಾಗಲೆಲ್ಲ ಸೀಟು ಎರಡು ಬೆರಳು ಇಳಿಯುವುದು, ಒಂದು ಸಲ ಏಳುವುದು, ಮರೆಯುವುದು. ನಾನು ಹಳ್ಳ ದಾಟಿದೆ, ಎದೆಗವಚಿದ ಚೀಲದಲ್ಲಿ ಒಂದು ಸೀಸೆಯೂ ಸದ್ದು ಮಾಡಲಿಲ್ಲ.

ಅಬಲೂರಿನ ಮನೆಯ ಮುಂದೆ ಇಳಿದಾಗ ಒಳಗಿನಿಂದ ಫಕ್ಕೀರವ್ವನ ನರಳಾಟ ಕೇಳಿಸಿತು. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ದೇವರು ಕ್ಷಮಿಸಬೇಕು. ಮನೆ ಸುಮ್ಮನಾಗಿರಲಿಲ್ಲ. ನಾನು ಹೊತ್ತಿಗೆ ಬಂದಿದ್ದೆ. ಕೈ ತೊಳೆದುಕೊಂಡು ಮೊಣಕಾಲೂರಿ ಕೂತೆ. ಫಕ್ಕೀರವ್ವ ಕಣ್ಣು ತೆರೆದು ನನ್ನನ್ನು ನೋಡಿದಳು, ನನ್ನ ಮುಂಗೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಮೂರು ತಾಸು ಹಾಗೇ ಬಗ್ಗಿ ಕೂತಿದ್ದೆ. ಕಾಲು ಬಂದವು, ಸೊಂಟ ಬಂತು. ಅವಸರ ಮಾಡಿ ಎಳೆಯಬಾರದು, ತಡವೂ ಮಾಡಬಾರದು; ಸೂಲಗಿತ್ತಿಯ ಬೆನ್ನು ನೆಟ್ಟಗಿದ್ದರೆ ಮಾತ್ರ ಕೈ ಮಾತು ಕೇಳುತ್ತದೆ. ನನ್ನ ಕೈ ಕೇಳಿತು. ಒಂದೊಂದೇ ತೋಳು ಬಿಡಿಸಿದೆ, ಗದ್ದ ಎದೆಗೆ ಬರುವಂತೆ ಮಾಡಿ ತಲೆ ತೆಗೆದೆ. ಗಂಡು ಕೂಸು, ನೀಲಿಯಾಗಿತ್ತು. ಬಾಯಿ ಒರೆಸಿ, ಬೆನ್ನು ತಿಕ್ಕಿ, ಅಂಗಾಲಿಗೆ ತಟ್ಟಿದೆ. ಬಾಗಿಲಲ್ಲಿ ಶಿವಬಸವ್ವ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಮತ್ತೊಮ್ಮೆ ತಟ್ಟಿದೆ. ಕೂಸು ಅತ್ತಿತು. ಅತ್ತದ್ದು ಎಂಥ ಅಳು! ಹೊರಗೆ ಗಾಡಿ ಒರೆಸುತ್ತಿದ್ದ ಹಯಾತನಿಗೂ ಕೇಳಿತಂತೆ. ನಾನೂ ಅತ್ತೆ. ಇಪ್ಪತ್ತು ವರ್ಷಕ್ಕೊಮ್ಮೆ ಅತ್ತರೆ ಏನು ತಪ್ಪು ಎಂದುಕೊಂಡೆ.

ಹದಿಮೂರನೆಯ ದಿನ ಅಬಲೂರಿನಲ್ಲೇ ತೊಟ್ಟಿಲಿಗೆ ಹಾಕುವ ಕಾರ್ಯ. ಅಜ್ಜಪ್ಪನವರು ಸವಣೂರಿಗೆ ಆಳು ಕಳಿಸಿ ಫಕ್ರುಸಾಬರನ್ನೂ ಲಾಲಬಿಯನ್ನೂ ಕರೆಸಿದ್ದರು. ಸಾವುಕಾರರ ಚಾಳಿ ಗೊತ್ತಲ್ಲ, ಮೊಮ್ಮಗನಿಗೂ ಬೆಲ್ಲದ ತುಲಾಭಾರ ಆಗಲೇಬೇಕು. ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ಶಿವಬಸವ್ವ ಗೊಣಗಿದಳು. ಕೊನೆಗೆ ಕೆನ್ನೆಗೆ ದೊಡ್ಡದೊಂದು ಕಾಡಿಗೆಯ ಬೊಟ್ಟಿಟ್ಟು ಒಪ್ಪಿದಳು. ತೂಗಿದ ಮೇಲೆ ಫಕ್ಕೀರವ್ವ ಕೂಸನ್ನು ಎತ್ತಿಕೊಂಡು ಬಾಗಿಲ ಹತ್ತಿರ ಕೂತಳು. ತೂಗುವವನು ಅಕ್ಕಿಆಲೂರಿನಿಂದ ಬಂದಿದ್ದ ಅದೇ ಹಳೆಯ ಗಂಟಲಿನವನು.

"ಕೂಸು ಹತ್ತು ಶೇರು!" ಎಂದು ಕೂಗಿದ.

ಮಂದಿಯ ನಡುವೆ ಕೂತಿದ್ದ ಫಕ್ರುಸಾಬರು ಥಟ್ಟನೆ ಎದ್ದು ನಿಂತರು. "ತಡೀಪಾ! ಈ ಸಲ ಮೊದಲ ಕೇಳಿಬಿಡ್ತೇನಿ. ಕಚ್ಚಾ ಏನು, ಪಕ್ಕಾ?"

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಫಕ್ಕೀರವ್ವ ಮಾತ್ರ ನಗಲಿಲ್ಲ. ಕೂಸಿನ ಎದೆಯ ಮೇಲೆ ಅಂಗೈ ಇಟ್ಟು, ಅದು ಏರಿ ಇಳಿಯುವುದನ್ನು ನೋಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಪಕ್ಕಾ ರೀ ಚಾಚಾ. ಈ ಸಲ ಪಕ್ಕಾ."